ಕರಗದ ಹೊದಿಕೆ

1954ರ ಬೇಸಿಗೆ. ಮೈಸೂರಿನ ಒಂದು ಸರ್ಕಾರಿ ಆಸ್ಪತ್ರೆಯ ಜ್ವರದ ವಾರ್ಡು ಆಗ ನನ್ನ ಹೊಣೆಯಲ್ಲಿತ್ತು. ಟೈಫಾಯ್ಡ್‌ಗೆ ಕ್ಲೋರಾಂಫೆನಿಕಾಲ್ ಎಂಬ ಔಷಧಿ ಬಂದು ಕೆಲವೇ ವರ್ಷಗಳಾಗಿದ್ದವು. ಅದಕ್ಕೆ ಮೊದಲು ಗಂಜಿ ಕುಡಿಸಿ, ಹಣೆಗೆ ಒದ್ದೆ ಬಟ್ಟೆ ಹಾಕಿ ಕಾಯುವುದೇ ಚಿಕಿತ್ಸೆಯಾಗಿತ್ತು.

ಜಾನಕಮ್ಮನವರನ್ನು ಜ್ವರದ ಎರಡನೇ ವಾರದಲ್ಲಿ ಕರೆತಂದರು. ಐವತ್ತರ ಆಸುಪಾಸಿನ ವಿಧವೆ. ಗಂಡ ಅರಮನೆಯ ಕಚೇರಿಯಲ್ಲಿದ್ದವರು. ಒಬ್ಬನೇ ಮಗ ರಾಘವೇಂದ್ರ, ಕಾಲೇಜಿನ ಪ್ರಯೋಗಾಲಯದಲ್ಲಿ ಅಟೆಂಡರ್. ಮೊದಲ ಕ್ಯಾಪ್ಸೂಲ್ ಕೊಟ್ಟಾಗ ಆಕೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಹೊದಿಕೆ ಯಾವುದರದೆಂದು ಕೇಳಿದರು. ಜೆಲಟಿನ್, ದನದ ಮೂಳೆ ಚರ್ಮಗಳನ್ನು ಬೇಯಿಸಿ ತೆಗೆದ ಅಂಟು ಎಂದೆ.

“ಅದನ್ನ ನುಂಗಿ ಬದುಕಿದ್ರೆ, ಯಾವ ಮುಖ ಇಟ್ಕೊಂಡು ತುಳಸಿಗೆ ನೀರು ಹಾಕ್ಲಿ ಡಾಕ್ಟ್ರೇ?”

ಹೊದಿಕೆ ಬಿಚ್ಚಿ ಪುಡಿಯನ್ನು ಜೇನುತುಪ್ಪದಲ್ಲಿ ಕೊಟ್ಟೆವು. ಅದು ವಿಪರೀತ ಕಹಿ. ಕೊಟ್ಟಾಗಲೆಲ್ಲ ವಾಂತಿಯಾಯಿತು.

ಮರುದಿನ, ಮಗನೇ ಔಷಧಿ ಕೊಡುತ್ತಿದ್ದಾನೆ, ವಾಂತಿ ನಿಂತಿದೆ ಎಂದು ನರ್ಸ್ ಹೇಳಿದರು. ಜ್ವರ ಇಳಿಯಲು ಮೂರು ನಾಲ್ಕು ದಿನ ಬೇಕು. ಕಾದೆವು. ಇಳಿಯಲಿಲ್ಲ. ಹೊಟ್ಟೆ ಉಬ್ಬತೊಡಗಿತು, ನಾಡಿ ಕ್ಷೀಣವಾಯಿತು.

ಐದನೇ ದಿನ ಬೆಳಿಗ್ಗೆ ಆಯಾ ಮಾದಮ್ಮ ಬೆಡ್‌ಪ್ಯಾನ್ ಹಿಡಿದು ನನ್ನೆದುರು ನಿಂತಳು.

“ಇಲ್ ನೋಡಿ ಸ್ವಾಮಿ. ನುಂಗಿದ್ದು ನುಂಗ್ದಂಗೇ ಬಂದ್ಬುಟ್ಟೈತೆ.”

ಅವರೆಕಾಳಿನ ಗಾತ್ರಕ್ಕೆ ಉಬ್ಬಿದ ಪೊಟ್ಟಣಗಳು. ಒಂದನ್ನು ಕತ್ತರಿಸಿದೆ. ಒಳಗೆ ಒದ್ದೆಯಾದ ಬಿಳಿ ಪುಡಿ ಇನ್ನೂ ಇತ್ತು.

ರಾಘವೇಂದ್ರ ಏನನ್ನೂ ಮುಚ್ಚಿಡಲಿಲ್ಲ. “ಚೀನಾ ಗ್ರಾಸ್ ಡಾಕ್ಟ್ರೇ, ಕಡಲಪಾಚಿಯದ್ದು. ಹಬ್ಬಕ್ಕೆ ಹಾಲು ಸಕ್ಕರೆ ಹಾಕಿ ಮಾಡ್ತೀವಲ್ಲ, ಅದೇ.” ಅದನ್ನು ಕುದಿಸಿ, ತಟ್ಟೆಯ ಮೇಲೆ ತೆಳ್ಳಗೆ ಹರಡಿ ಒಣಗಿಸಿ, ಪುಡಿಯಿಟ್ಟು ಹಲವು ಸುತ್ತು ಸುತ್ತಿ, ಬಿಸಿ ಚಮಚದಿಂದ ಅಂಚು ಒತ್ತಿದ್ದ. ತಾಯಿ ಹಿಗ್ಗಿ ಹೇಳಿದ್ದನ್ನು ನರ್ಸ್ ಬರೀ ಮಗನ ಹೊಗಳಿಕೆ ಎಂದುಕೊಂಡಿದ್ದರಂತೆ: “ಕಾಲೇಜಲ್ಲಿ ಗ್ಲಾಸ್ ತೊಳೀತಾನೆ ಅಂತ ನಮ್ಮೋರೆಲ್ಲ ಆಡ್ಕೋತಿದ್ರು. ನೋಡ್ರೀ, ಔಷಧಿ ಕಂಪನೀನೇ ಇಟ್ಬುಟ್ಟ!”

ಮೈಯ ಬಿಸಿಯಷ್ಟೇ ಬಿಸಿಯಿದ್ದ ನೀರನ್ನು ಎರಡು ಲೋಟಗಳಲ್ಲಿ ತರಿಸಿದೆ. ಒಂದರಲ್ಲಿ ಆಸ್ಪತ್ರೆಯ ಕ್ಯಾಪ್ಸೂಲ್, ಇನ್ನೊಂದರಲ್ಲಿ ಆತ ಮಾಡಿದ್ದು. ಜೆಲಟಿನ್ ಸ್ವಲ್ಪ ಹೊತ್ತಿಗೆ ಮೆತ್ತಗಾಗಿ ಬಿಚ್ಚಿಕೊಂಡಿತು. ಚೀನಾ ಗ್ರಾಸ್ ಉಬ್ಬಿತು, ಅಷ್ಟೇ. ಎರಡೂ ಒಂದೇ ರೀತಿ ಹೆಪ್ಪುಗಟ್ಟುತ್ತವೆ. ಆದರೆ ಕಡಲಪಾಚಿಯದ್ದು ಕರಗಲು ಕುದಿಯುವ ನೀರಿನ ಹತ್ತಿರದ ಬಿಸಿ ಬೇಕು. ಮನುಷ್ಯನ ಹೊಟ್ಟೆಯಲ್ಲಿ ಅಷ್ಟು ಬಿಸಿ ಎಲ್ಲಿಯದು?

ರಾಘವೇಂದ್ರ ಅಳತೊಡಗಿದ. ಹಾಸಿಗೆಯಿಂದ ಎಲ್ಲವನ್ನೂ ನೋಡುತ್ತಿದ್ದ ಜಾನಕಮ್ಮ ಕೈಚಾಚಿದರು.

“ಅಳಬೇಡ ಕಣೋ. ಆ ಮೂಳೇದನ್ನೇ ಕೊಡು. ನಿನ್ನ ಕೈಯಿಂದ್ಲೇ ಕೊಡು.”

ನುಂಗಿದರು. ಆಮೇಲೆ ಬಾಯಿ ಮುಕ್ಕಳಿಸಲು ನೀರು ಕೇಳಿದರು.

ಮರುದಿನ ಮಧ್ಯಾಹ್ನ ಕರುಳು ತೂತಾಯಿತು. ಟೈಫಾಯ್ಡ್‌ನಲ್ಲಿ ನಾವು ಅತಿ ಹೆಚ್ಚು ಹೆದರುತ್ತಿದ್ದುದು ಇದಕ್ಕೇ. ಆಪರೇಷನ್ ತಾಳುವ ಶಕ್ತಿ ಅವರಲ್ಲಿ ಉಳಿದಿರಲಿಲ್ಲ. ಸಂಜೆ ತೀರಿಕೊಂಡರು.

ದೇಹ ಒಯ್ಯುವ ಮೊದಲು ರಾಘವೇಂದ್ರ ಕೇಳಿದ: “ಮೊದಲ್ನೇ ದಿನಾನೇ ಅದನ್ನ ತಗೊಂಡಿದ್ರೆ?”

ಉಳಿಯುವ ಸಾಧ್ಯತೆ ಹೆಚ್ಚಿತ್ತು ಎಂದೆ. ಆತ ತಲೆಯಾಡಿಸಿದ. “ಕೊನೇಗೆ ಏನು ನುಂಗಿದ್ರು ಅಂತ ನಮ್ಮೋರಿಗೆ ಹೇಳ್ಬೇಡಿ.” ಹಾಗಾಗಿ ಇಲ್ಲಿನ ಹೆಸರುಗಳು ನಿಜವಲ್ಲ.

ಔಷಧಿ ಬರೆದುಕೊಟ್ಟರೆ ವೈದ್ಯನ ಕೆಲಸ ಮುಗಿಯುವುದಿಲ್ಲ. ಅದು ಗಂಟಲು ದಾಟುವುದು ಯಾವ ರೂಪದಲ್ಲಿ ಎಂಬುದನ್ನೂ ನೋಡಬೇಕು. ಬೇಡವೆಂದವರೊಡನೆ ನಾನು ಎಂದೂ ವಾದಿಸಲಿಲ್ಲ. ಮನೆಯಲ್ಲಿ ಹೇಗೆ ಕೊಡುತ್ತೀರೋ ಹಾಗೆಯೇ ಮಾಡಿ ತಂದು ತೋರಿಸಿ ಎನ್ನುತ್ತಿದ್ದೆ. ನಿವೃತ್ತನಾಗುವವರೆಗೂ ನನ್ನ ಮೇಜಿನ ಮೇಲೆ ಬೆಚ್ಚಗಿನ ನೀರಿನ ಲೋಟವೊಂದು ಇರುತ್ತಿತ್ತು.