ಪೆಡಲ್ ಗಟ್ಟಿಯಾಗಿಯೇ ಇತ್ತು

ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ. ಆ ಇಳಿಜಾರು ನೆನಪಾದರೆ ಈಗಲೂ ನನ್ನ ಬಲಗಾಲು ತಾನಾಗಿ ನೆಲವನ್ನು ಒತ್ತುತ್ತದೆ. ಅವಸರ ಮಾಡಿದರೆ ಹಿಂದಿನದು ಮುಂದಾಗಿಬಿಡುತ್ತದೆ ಎಂಬ ಭಯ ನನಗಿದೆ.

ಕಾರು ನನ್ನದು. ನಾನು ಶಾಲೆಯ ಮೇಷ್ಟ್ರಾಗಿ ಸೇರಿದ ವರ್ಷ, ಸೈಕಲ್ಲಿನಲ್ಲಿ ಓಡಾಡುತ್ತಿದ್ದಾಗಲೇ, ಅದು ಯಾರದೋ ಮನೆಯ ಮುಂದೆ ನಿಂತಿದ್ದ ಹಳೆಯ ಕಾರು. ಗುಂಡು ಬೆನ್ನು, ಬಿಳಿ ಬಣ್ಣ, ನಾಲ್ಕು ಚಕ್ರಕ್ಕೂ ಹಳೆಯ ಕಾಲದ ಡ್ರಮ್ ಬ್ರೇಕು. ಮಾಗಡಿಯ ನಮ್ಮ ಬೀದಿಯವರು ಅದನ್ನು ‘ಮೇಷ್ಟ್ರ ಬಿಳಿ ಎಮ್ಮೆ’ ಎನ್ನುತ್ತಾರೆ. ಚಳಿಗಾಲದ ಬೆಳಿಗ್ಗೆ ಚೋಕ್ ಎಳೆದು ಎರಡು ಸಲ ಎಬ್ಬಿಸಬೇಕು. ಮೊದಲ ಸಲಕ್ಕೆ ಎದ್ದರೆ ಅವತ್ತು ಏನೋ ಕಾದಿದೆ ಎಂದು ನಾನೇ ಅನುಮಾನಪಡುತ್ತೇನೆ. ಹಿಂದಿನ ಎಡಬಾಗಿಲನ್ನು ಒಸಿ ಎತ್ತಿ ಹಾಕಬೇಕು. ಗೇರಿನ ಹಿಡಿ ಒಡೆದಾಗ ಬೆಂಗಳೂರಿನ ಹಳೇ ಸಾಮಾನಿನ ಅಂಗಡಿಗಳಲ್ಲಿ ಮೂರು ಭಾನುವಾರ ಹುಡುಕಿ ಸಿಗದೆ, ಕೊನೆಗೆ ಚನ್ನಪಟ್ಟಣದ ಗೊಂಬೆ ಕಡೆಯುವವರೊಬ್ಬರ ಹತ್ತಿರ ಆಲೆಮರದಲ್ಲಿ ಮಾಡಿಸಿ ಕೆಂಪು ಅರಗು ಹಚ್ಚಿಸಿದೆ. ‘ಎರಡು ಕಣ್ಣು ಬರೆದ್ಬಿಡ್ಲಾ ಸಾರ್, ದಾರಿ ಅದೇ ನೋಡ್ಕೊಂಡು ಹೋಯ್ತದೆ’ ಎಂದು ಅವರು ನಕ್ಕಿದ್ದರು.

ಸಣ್ಣಪುಟ್ಟ ಕೆಲಸ ನಾನೇ ಮಾಡುತ್ತೇನೆ. ಎಣ್ಣೆ ಬದಲಿಸುವುದು, ಪ್ಲಗ್ ಉಜ್ಜುವುದು, ಬ್ರೇಕು ಸಡಿಲವಾದರೆ ಬಿಗಿ ಮಾಡುವುದು. ದೊಡ್ಡ ಕೆಲಸಕ್ಕೆ ರಾಮನಗರದಲ್ಲಿ, ರೇಷ್ಮೆಗೂಡಿನ ಮಾರುಕಟ್ಟೆಗೆ ಹತ್ತಿರದ ಒಂದು ರಸ್ತೆಯಲ್ಲಿ, ಸಾಬ್ರ ಗ್ಯಾರೇಜಿದೆ. ಅವರಿಗೆ ಎಪ್ಪತ್ತು ದಾಟಿದೆ. ಅಣ್ಣತಮ್ಮಂದಿರೆಲ್ಲ ನೂಲು ಬಿಚ್ಚುವ ಕೆಲಸಕ್ಕೆ ಹೋದರೆ, ಬೇಯುವ ಗೂಡಿನ ವಾಸನೆ ಆಗದೆ ಇವರೊಬ್ಬರು ಕಾರಿನ ಕೆಳಗೆ ಮಲಗಿದವರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೂ ಹಿಡಿಯನ್ನು ಕಿವಿಗೂ ಇಟ್ಟುಕೊಂಡು, ಒಳಗೆ ಯಾವುದು ಸವೆದಿದೆ ಎಂದು ಹೇಳುತ್ತಾರೆ. ಪಕ್ಕದ ಮಳಿಗೆಯಲ್ಲೇ ಅವರ ಮಗ ಬೈಕು ರಿಪೇರಿ ಮಾಡುತ್ತಾನೆ. ಅವನಿಗೂ ನಲವತ್ತರ ಹತ್ತಿರ.

ಆ ಶನಿವಾರ ಸಾಬ್ರು ನನ್ನ ಕಾರಿನ ನಾಲ್ಕೂ ಚಕ್ರಕ್ಕೆ, ಡ್ರಮ್ಮಿಗೆ ಒಳಗಿನಿಂದ ಒತ್ತಿ ನಿಲ್ಲಿಸುವ ಬ್ರೇಕ್ ಲೈನರನ್ನು ಹೊಸದಾಗಿ ಹಾಕಿದರು. ಕೊಡುವಾಗ ಹೇಳಿದರು: ‘ಹೊಸಾದು ಮೇಷ್ಟ್ರೇ. ಡ್ರಮ್ಮಿಗೆ ಒಗ್ಗೋಕೆ ಎರಡು ದಿನ ಬೇಕು. ಅಲ್ಲೀಗಂಟ ಒಸಿ ಕಡಿಮೆ ಹಿಡೀತದೆ. ಸೋಮವಾರ ಒಂದ್ಸಲ ತಂದು ತೋರ್ಸಿ.’

ಭಾನುವಾರ ಮನೆಯಂಗಳದಲ್ಲಿ ಚಕ್ರದ ನಡುವೆ ಮುಚ್ಚುವ ನಾಲ್ಕೂ ವೀಲ್ ಕಪ್‌ಗಳನ್ನು ಕಿತ್ತು, ತಿಕ್ಕಿ, ಬಣ್ಣ ಹಚ್ಚಿ ಒಣಗಲು ಜಗಲಿಯ ಮೇಲೆ ಸಾಲಾಗಿ ಇಟ್ಟೆ. ಬ್ರೇಕು ಒಂದು ಕಡೆ ಕಿರ್ ಎನ್ನುತ್ತಿತ್ತು. ವೀಲ್ ಕಪ್ ಕಿತ್ತರೆ ಡ್ರಮ್ಮಿನಲ್ಲಿ ಬೆರಳು ತೂರುವಷ್ಟು ಒಂದು ತೂತು ಕಾಣುತ್ತದೆ. ಅದರೊಳಗೆ ಸ್ಕ್ರೂಡ್ರೈವರ್ ಹಾಕಿ ಬಿಗಿ ಸರಿಮಾಡಬೇಕು. ನಾನು ಆ ಕೆಲಸದಲ್ಲಿದ್ದಾಗ ಅವ್ವ ಅಕ್ಕಿ ಆರಿಸುತ್ತ ಜಗಲಿಯಲ್ಲಿ ಕೂತಿದ್ದಳು. ಏನೋ ಕೇಳಿದಳು. ನಾನು ತಲೆ ಎತ್ತಲಿಲ್ಲ.

ಸೋಮವಾರ ರಜೆ ಇತ್ತು. ಬೆಳಿಗ್ಗೆ ವೀಲ್ ಕಪ್ ಬಡಿದು ಕೂರಿಸಿ ಹೊರಟೆ. ಕಿರ್ ಸದ್ದು ಇರಲಿಲ್ಲ. ಊರೊಳಗೆ ಬ್ರೇಕು ಮಂದ ಅನ್ನಿಸಿತು. ಸಾಬ್ರು ಹೇಳಿದ್ದರಲ್ಲ, ಒಗ್ಗುತ್ತಿದೆ ಅಂದುಕೊಂಡೆ. ಊರು ದಾಟಿ ಎಷ್ಟೋ ದೂರ ಬ್ರೇಕಿನ ಕೆಲಸವೇ ಬೀಳಲಿಲ್ಲ. ಆಮೇಲೆ ರಾಮನಗರದ ದಾರಿಯಲ್ಲಿ ಬಂಡೆಗಳ ನಡುವೆ ಒಂದು ಇಳಿಜಾರು. ಅದರ ಕೆಳಗಿನ ತಿರುವಿನಲ್ಲಿ ಕುರಿಮಂದೆ ರಸ್ತೆ ದಾಟುತ್ತಿತ್ತು.

ಪೆಡಲ್ ತುಳಿದೆ. ಅದು ಕೆಳಗೆ ಕುಸಿಯಲಿಲ್ಲ, ಕಲ್ಲಿನ ಮೇಲೆ ಕಾಲಿಟ್ಟ ಹಾಗೆ ಗಟ್ಟಿಯಾಗಿಯೇ ಇತ್ತು. ಆದರೆ ಕಾರು ನಿಲ್ಲಲಿಲ್ಲ. ಮತ್ತೆ ತುಳಿದೆ. ಹ್ಯಾಂಡ್‌ಬ್ರೇಕ್ ಎಳೆದೆ, ಅದೂ ಪೂರ್ತಿ ಮೇಲೆ ಬಂತು, ಏನೂ ಆಗಲಿಲ್ಲ. ಗೇರನ್ನು ಎರಡಕ್ಕೆ ಇಳಿಸಿದಾಗ ಇಂಜಿನ್ ಅರಚಿತು. ಮಂದೆಯ ಕೊನೆಯಲ್ಲಿ ಮರಿಯೊಂದನ್ನು ಹೆಗಲಿಗೆ ಹಾಕಿಕೊಂಡ ಮನುಷ್ಯ ತಿರುಗಿ ನೋಡಿದ. ಅವನ ಬಾಯಿ ತೆರೆದದ್ದು ಕಂಡಿತು, ಕೂಗು ಕೇಳಿಸಲಿಲ್ಲ. ಎಡಕ್ಕೆ ರಸ್ತೆ ಕೆಲಸದ ಜಲ್ಲಿ ರಾಶಿ ಇತ್ತು. ಸ್ಟಿಯರಿಂಗನ್ನು ಅತ್ತ ತಿರುಗಿಸಿದೆ. ಕಾರು ರಾಶಿಯನ್ನು ಅರ್ಧ ಹತ್ತಿ, ಜಲ್ಲಿಯಲ್ಲಿ ಹೂತು ನಿಂತಿತು. ಯಾರಿಗೂ ಏನೂ ಆಗಲಿಲ್ಲ, ಒಂದು ಕುರಿಗೂ. ಬಂಪರ್ ಬಾಗಿತ್ತು.

ಕುರಿಯವನು ಕಿಟಕಿಯ ಹತ್ತಿರ ಬಂದ. ಬೈಯುತ್ತಾನೆಂದು ಕಾದೆ. ನನ್ನ ಮುಖ ನೋಡಿ ಅವನ ಸ್ವರ ಇಳಿಯಿತು. ‘ಇಳೀರಿ ಸ್ವಾಮಿ, ಒಸಿ ನೀರು ಕುಡೀರಿ. ಈ ಮುದುಕೀನ ಇಟ್ಕೊಂಡು ಯಾಕ್ ಹಿಂಗೆ ಓಡುಸ್ತೀರ? ನಮ್ ಹಳೇ ಟಗರೇ ವಾಸಿ, ಹೋ ಅಂದ್ರೆ ನಿಲ್ತದೆ.’ ಇಳಿದು ಅವನ ಬಾಟಲಿಯ ನೀರು ಕುಡಿದೆ.

ಕೆಟ್ಟ ಗಾಡಿಗಳನ್ನು ಹೊರುವ ಲಾರಿ ತರಿಸಿ ಕಾರನ್ನು ಸಾಬ್ರ ಗ್ಯಾರೇಜಿಗೆ ಒಯ್ಯುವಾಗ ಮಧ್ಯಾಹ್ನ ಕಳೆದಿತ್ತು. ಸಾಬ್ರು ಬಂಪರ್ ನೋಡಲಿಲ್ಲ, ನನ್ನನ್ನು ನೋಡಿದರು. ತಲೆ, ಕೈ, ಮೊಣಕಾಲು ಎಲ್ಲ ಮುಟ್ಟಿ ನೋಡಿದರು. ಬ್ರೇಕು ಹಿಡಿಯಲಿಲ್ಲ ಎಂದಾಗ ಅಲ್ಲೇ ಹಳೆಯ ಟೈರಿನ ಮೇಲೆ ಕೂತುಬಿಟ್ಟರು.

‘ಲೈನರ್ ಸ್ಪ್ರಿಂಗ್ ಸರಿಯಾಗಿ ಕೂರುಸ್ಲಿಲ್ವೇನೋ,’ ಎಂದರು. ‘ನೆನಪು ಮಾಡ್ಕೋತಾ ಇದೀನಿ. ನೆನಪಿಗೇ ಬರ್ತಿಲ್ಲ ಮೇಷ್ಟ್ರೇ.’

ಮಗ ಕೈಯ ಗ್ರೀಸ್ ಒರೆಸಿಕೊಳ್ಳುತ್ತ ಬಂದು ಅಪ್ಪನಿಗೆ ಹೇಳಿದ: ‘ಅಬ್ಬಾ, ಎಷ್ಟ್ ಸಲ ಹೇಳ್ದೆ? ಕಾರ್ಬುರೇಟರ್ ಮಾಡಿ, ಇಂಜಿನ್ ಮಾಡಿ, ಬ್ಯಾಡ ಅನ್ನಲ್ಲ. ಬ್ರೇಕ್ ಮುಟ್ಬೇಡಿ. ನಿಮ್ ಕೈ ನಡುಗ್ತೈತೆ.’

‘ಬಿಟ್ಟೆ ಕಣೋ.’

‘ಹೋದ್ ವರ್ಷಾನೂ ಹಿಂಗೇ ಅಂದ್ರಿ.’

‘ಈಗ ಬಿಟ್ಟೆ ಅಂದ್ನಲ್ಲ. ಬ್ರೇಕ್ ಬಿಟ್ಮೇಲೆ ಇಂಜಿನ್ ಯಾಕೆ? ಓಡ್ಸೋದು ಗೊತ್ತು, ನಿಲ್ಸೋದು ಗೊತ್ತಿಲ್ಲ ಅನ್ನೋ ಮಿಸ್ತ್ರೀನ ಯಾರು ಕೇಳ್ತಾರೆ? ನಾಳೆ ನೀನೇ ಬಿಚ್ಚು. ನಾನು ಅಂಗ್ಡಿಗೆ ಬರಲ್ಲ.’

ಪೆಡಲ್ ಗಟ್ಟಿಯಾಗಿತ್ತು, ಸ್ಪ್ರಿಂಗ್ ಬಿಟ್ಟಿದ್ದರೆ ಒಂದು ಚಕ್ರದ ಬ್ರೇಕು ಹೋಗುತ್ತಿತ್ತು, ನಾಲ್ಕೂ ಹೋಗುವುದಿಲ್ಲ ಎಂದು ನಾನು ಹೇಳಿದೆ. ಅವರು ಕೇಳಿಸಿಕೊಳ್ಳಲಿಲ್ಲ. ನಿಜ ಹೇಳಬೇಕೆಂದರೆ ನನ್ನ ಮಾತಿನಲ್ಲೂ ಬಲವಿರಲಿಲ್ಲ. ಬಸ್ಸಿನಲ್ಲಿ ಮಾಗಡಿಗೆ ವಾಪಸಾಗುವಾಗ, ಶನಿವಾರ ಅವರು ಸ್ಪ್ರಿಂಗ್ ಎಳೆಯುವಾಗ ಬೆರಳು ನಡುಗಿದ್ದನ್ನು ನಾನೂ ನೋಡಿದ್ದೆ ಎಂಬುದು ನೆನಪಾಗುತ್ತಿತ್ತು. ನೋಡಿಯೂ ಬಾಯಿ ಬಿಟ್ಟಿರಲಿಲ್ಲ.

ಮನೆಯಲ್ಲಿ ನಡೆದದ್ದನ್ನು ಹೇಳಲಿಲ್ಲ. ಕಾರು ರಿಪೇರಿಗೆ ಬಿಟ್ಟು ಬಂದೆ ಎಂದೆ. ಕಾಫಿ ತಂದುಕೊಟ್ಟ ಅವ್ವ ಕೇಳಿದಳು: ‘ಸದ್ದು ನಿಂತಿತ್ತೇನ್ಲಾ?’

‘ಯಾವ ಸದ್ದು?’

‘ಅದೇ, ಗಾಲಿ ಕಿರ್‍ರೋ ಅಂತಿತ್ತಲ್ಲ. ನಿನ್ನೆ ನೀನು ಮಲಗಿದ್ದಾಗ ನಾನೇ ಎಣ್ಣೆ ಬುಟ್ಟೆ.’

ಅವ್ವ ಗುಡೇಮಾರನಹಳ್ಳಿಯ ಕಡೆಯ ಗಾಡಿ ಹೊಡೆಯುವವರ ಮನೆಯಲ್ಲಿ ಬೆಳೆದವಳು. ಎತ್ತಿನ ಗಾಡಿ ದೂರ ಹೊರಟರೆ ಗಾಲಿಗೆ ಹರಳೆಣ್ಣೆ ಬಿಡುವುದು ಆ ಮನೆಯಲ್ಲಿ ಹೆಣ್ಣುಮಕ್ಕಳ ಕೆಲಸವಾಗಿತ್ತಂತೆ. ಅರಚುವ ಗಾಲಿಯ ಗಾಡಿಯನ್ನು ಬಾಗಿಲು ದಾಟಿಸಿದರೆ ಆ ಮನೆಗೆ ಅವಮಾನ. ಭಾನುವಾರ ನಾನು ತೂತಿನೊಳಗೆ ಕಡ್ಡಿ ಆಡಿಸುವುದನ್ನು ನೋಡಿ, ‘ಎಣ್ಣೆ ಬುಡೋ ತೂತಾ ಅದು?’ ಎಂದು ಕೇಳಿದ್ದಳು. ನಾನು ಉತ್ತರ ಕೊಡದ್ದಕ್ಕೆ ಹೌದೆಂದುಕೊಂಡಳು. ಮಕ್ಕಳಿಗೆ ಹರಳೆಣ್ಣೆ ಕುಡಿಸುವ ಒಳಲೆ ಮನೆಯಲ್ಲಿತ್ತು. ಅದರ ಮೂತಿ ಡ್ರಮ್ಮಿನ ತೂತಿಗೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಹೊಂದಿತಂತೆ.

‘ಎಷ್ಟು ಬಿಟ್ಟೆ ಅವ್ವ?’

‘ಒಂದೊಂದಕ್ಕೆ ನಾಕು ಒಳಲೆ. ಜಿಪುಣತನ ಮಾಡ್ಲಿಲ್ಲ ಕಣಪ್ಪ, ನೀನು ಹೋಗೋ ಗಾಡಿ.’

ಅಂಗಳಕ್ಕೆ ಹೋಗಿ ನೋಡಿದೆ. ಕಾರು ನಿಂತಿದ್ದ ಕಡೆ, ಚಕ್ರಗಳಿದ್ದ ಜಾಗದಲ್ಲೇ ನಾಲ್ಕು ಕಲೆ. ಬಗ್ಗಿ ಮೂಸಿದೆ. ಹೊಸ ಲೈನರ್ ಹಿಡಿಯುವುದೇ ಒಣಗಿದ್ದರೆ; ಅದಕ್ಕೆ ನಾಲ್ಕು ಒಳಲೆ ಹರಳೆಣ್ಣೆ ಕುಡಿಸಿ ನಾನು ಇಳಿಜಾರಿಗೆ ಒಯ್ದಿದ್ದೆ.

ಅಲ್ಲೇ ಕುಕ್ಕರಗಾಲಿನಲ್ಲಿ ಕೂತು ಯೋಚಿಸಿದೆ. ಅವ್ವನಿಗೆ ಎಪ್ಪತ್ತೆಂಟು. ಹೇಳಿದರೆ, ಮಗನನ್ನು ಸಾವಿನ ಬಾಯಿಗೆ ತಳ್ಳಿದ್ದೆ ಎಂದು ಉಳಿದ ದಿನವೆಲ್ಲ ಕೊರಗುತ್ತಾಳೆ. ಹೇಳದಿದ್ದರೆ ಎಣ್ಣೆ ಬಿಟ್ಟವರು ಯಾರೆಂದು ಯಾರಿಗೂ ತಿಳಿಯುವುದಿಲ್ಲ; ನಾಳೆ ಡ್ರಮ್ ಬಿಚ್ಚಿದಾಗ ಎಣ್ಣೆ ಕಂಡರೂ ಅದು ಸಾಬ್ರ ಕೈತಪ್ಪೇ ಆಗುತ್ತದೆ. ಆದರೆ ರಾಮನಗರದಲ್ಲಿ ಒಬ್ಬರು ತಮ್ಮದಲ್ಲದ ತಪ್ಪಿಗೆ ಐವತ್ತು ವರ್ಷದ ಕೆಲಸ ಬಿಡುತ್ತಿದ್ದಾರೆ. ಗ್ಯಾರೇಜಿಗೆ ಫೋನ್ ಮಾಡಿ, ಅವ್ವನ ಹೆಸರು ಎತ್ತದೆ, ‘ಎಣ್ಣೆ ಚೆಲ್ಲಿತ್ತು, ನನ್ನದೇ ತಪ್ಪು’ ಎನ್ನಬಹುದಿತ್ತು. ನಾಲ್ಕು ಚಕ್ರದೊಳಗೂ ಎಣ್ಣೆ ಚೆಲ್ಲುವುದು ಹೇಗೆ? ಅವರು ನಂಬುತ್ತಿರಲಿಲ್ಲ, ತಮ್ಮ ಸಮಾಧಾನಕ್ಕೆ ಹೇಳುತ್ತಿದ್ದೇನೆ ಎಂದುಕೊಳ್ಳುತ್ತಿದ್ದರು.

ಅವ್ವನಿಗೆ ಎಲ್ಲ ಹೇಳಿದೆ. ಕುರಿಮಂದೆಯನ್ನೂ ಬಿಡಲಿಲ್ಲ. ಅವಳು ನನ್ನ ಎಡಗೈ ಹಿಡಿದುಕೊಂಡಳು, ಬಹಳ ಹೊತ್ತು ಬಿಡಲಿಲ್ಲ. ಆಮೇಲೆ ಕೇಳಿದ್ದು ಒಂದೇ. ‘ಆವಯ್ಯ ಕೆಲ್ಸ ಬುಟ್ಟುಬುಟ್ರಾ?’

‘ಬಿಟ್ಟೆ ಅಂದ್ರು.’

‘ಬೆಳಿಗ್ಗೆ ಮೊದಲ್ನೇ ಬಸ್ಸಿಗೆ ನಡಿ.’

ಮರುದಿನ ಶಾಲೆಗೆ ರಜೆ ಹೇಳಿ ಹೊರಟೆವು. ಗ್ಯಾರೇಜಿನಲ್ಲಿ ಸಾಬ್ರು ಇರಲಿಲ್ಲ. ಮಗ ಆಗಷ್ಟೇ ಬಾಗಿಲು ತೆಗೆದಿದ್ದ; ಕಾರನ್ನು ಇನ್ನೂ ಮುಟ್ಟಿರಲಿಲ್ಲ. ಅವ್ವ ಬೆಂಚಿನ ಮೇಲೆ ಕೂತು, ‘ನಿಮ್ಮಪ್ಪಾರ್ನ ಕರ್ಸಪ್ಪ. ಅವ್ರು ಬರೋಗಂಟ ನಾನು ಏಳಲ್ಲ’ ಎಂದಳು. ಅವನು ನನ್ನ ಮುಖ ನೋಡಿ, ಬೈಕು ಹತ್ತಿ ಹೋಗಿ ಕರೆತಂದ. ಸಾಬ್ರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಗ್ಯಾರೇಜಿನಲ್ಲಿ ಅವರನ್ನು ಅಂಥ ಅಂಗಿಯಲ್ಲಿ ನಾನು ಯಾವತ್ತೂ ನೋಡಿರಲಿಲ್ಲ.

ಅವ್ವ ಎದ್ದು ನಿಂತಳು. ‘ಎಣ್ಣೆ ಬುಟ್ಟೋಳು ನಾನು ಕಣಪ್ಪ. ನಾಕಕ್ಕೂ. ಗಾಲಿ ಅರಚ್ತಿತ್ತು, ಬುಟ್ಟೆ.’

‘ಯಾವ ಎಣ್ಣೆ? ಎಲ್ಲಿಗೆ ಅಮ್ಮಾ?’

ಅವಳು ಹೋಗಿ ಮುಂದಿನ ಚಕ್ರದ ವೀಲ್ ಕಪ್ ಮೇಲೆ ಬೆರಳಿಟ್ಟು ತೋರಿಸಿದಳು. ಸಾಬ್ರು ನನ್ನತ್ತ ತಿರುಗಿದರು, ನಾನು ತಲೆಯಾಡಿಸಿದೆ. ಅವರು ಮಗನನ್ನು ಪಕ್ಕಕ್ಕೆ ಸರಿಸಿ, ಜಾಕಿ ಏರಿಸಿ, ಚಕ್ರ ಬಿಚ್ಚಿ, ಆ ಅಂಗಿಯಲ್ಲೇ ಕೂತು ಡ್ರಮ್ ಎಳೆದರು. ಒಳಗೆಲ್ಲ ಹಪ್ಪಳ ಕರಿದ ಬಾಣಲೆಯ ಹಾಗೆ ಮಿನುಗುತ್ತಿತ್ತು. ಬೆರಳಿನಿಂದ ತೆಗೆದು ಮೂಸಿದರು. ಸ್ಪ್ರಿಂಗ್‌ಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಎಲ್ಲವೂ ಕೂತ ಜಾಗದಲ್ಲೇ ಇದ್ದವು.

‘ಹರಳೆಣ್ಣೆ!’ ಎಂದರು. ನಗು ಹೊಟ್ಟೆಯಿಂದ ಬಂತು, ಕೆಮ್ಮಾಯಿತು, ಕಣ್ಣು ಒರೆಸಿಕೊಂಡರು. ‘ಅಮ್ಮಾ, ಇಷ್ಟು ಕುಡಿಸಿದ್ರೆ ನಿಲ್ಲೋದೆಲ್ಲಿಂದ ಬಂತು? ಯಾರಾದ್ರೂ ಓಡ್ತಾನೇ ಇರ್ಬೇಕು!’

‘ನಗಿ ನಗಿ,’ ಎಂದಳು ಅವ್ವ. ‘ತಪ್ಪು ನನ್ದೇ. ನಿಮ್ ತಪ್ಪೂ ಒಸಿ ಐತೆ. ಎಣ್ಣೆ ಬುಡಬಾರದ ಕಡೆ ತೂತು ಯಾಕ್ ಮಡಗ್ತೀರಿ?’

‘ಮಡಗಿದ್ದು ನಾನಲ್ಲ ತಾಯಿ, ಕಾರು ಮಾಡ್ದೋರು.’

ಎಣ್ಣೆ ಕುಡಿದ ಲೈನರ್ ತೊಳೆದರೆ ಬರುವುದಿಲ್ಲ. ಮತ್ತೆ ಹೊಸದು ತರಿಸಿ ಸಾಬ್ರೇ ಹಾಕಿದರು. ಬಿಳಿ ಅಂಗಿಯ ಮೇಲೆ ಹಳೆಯ ನೀಲಿ ಅಂಗಿ ಏರಿಸಿಕೊಂಡರು. ನಾನು ಪಕ್ಕದಲ್ಲೇ ಕೂತು ನೋಡಿದೆ, ಈ ಸಲ ಕಣ್ಣು ತಪ್ಪಿಸಲಿಲ್ಲ. ಮೂರು ಚಕ್ರ ಸಲೀಸಾಗಿ ಮುಗಿದವು. ನಾಲ್ಕನೆಯದರಲ್ಲಿ ಸ್ಪ್ರಿಂಗ್ ಕೊಕ್ಕೆ ಜಾರಿತು. ಎರಡನೆಯ ಸಲವೂ ಜಾರಿತು. ಬಲಗೈ ಬೆರಳು ನಡುಗುತ್ತಿದ್ದದ್ದು ನನಗೂ ಕಂಡಿತು, ಅವ್ವನಿಗೂ ಕಂಡಿತು. ಮಗ ಒಂದು ಹೆಜ್ಜೆ ಮುಂದೆ ಬಂದವನು ಅಲ್ಲೇ ನಿಂತ. ಸಾಬ್ರು ಕೈ ಕೆಳಗಿಟ್ಟು, ಸ್ವಲ್ಪ ಹೊತ್ತು ಬಿಟ್ಟು ಮೂರನೆಯ ಸಲ ಎಳೆದರು. ಕೂತಿತು.

ಡ್ರಮ್ ಮುಚ್ಚಲಿಲ್ಲ. ಮುಚ್ಚಿದ್ದ ಮೂರನ್ನೂ ಮತ್ತೆ ಬಿಚ್ಚಿಟ್ಟರು. ಎದ್ದು ಸೊಂಟ ನೆಟ್ಟಗೆ ಮಾಡಿಕೊಂಡು ಮಗನಿಗೆ ಹೇಳಿದರು: ‘ಬಾರೋ. ನಾಲ್ಕೂ ಒಂದ್ಸಲ ನೋಡು. ಎಣ್ಣೆ ಅಮ್ಮನ್ದು, ಕೈ ನಂದೇ.’

ಮಗ ಹತ್ತಿರ ಬಂದ. ಒಂದೊಂದು ಚಕ್ರದ ಮುಂದೆ ಕೂತು, ಒಂದೊಂದು ಸ್ಪ್ರಿಂಗನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಅವನು ಮಾಡುವಷ್ಟು ಹೊತ್ತೂ ಸಾಬ್ರು ಗೋಡೆಯ ಕಡೆ ನೋಡುತ್ತಿದ್ದರು. ನಾಲ್ಕನೆಯದನ್ನು ಅವನು ಎರಡು ಸಲ ಒತ್ತಿದ.

‘ಸರಿ ಐತೆ ಅಬ್ಬಾ,’ ಎಂದ. ‘ಮುಚ್ಚಿ.’