ತಿಕ್ಕುವುದೋ ಮಗುಚುವುದೋ

ಭಟ್ಕಳಕ್ಕೆ ಬಂದ ಮೂರನೇ ದಿನ ಆರು ಜನ ನರ್ಸುಗಳ ಎದುರು ಮಗಳು ಸುಮಿತ್ರೆ ನನ್ನ ಕೈ ಹಿಡಿದು ನಿಲ್ಲಿಸಿದಳು. ಸೊಂಟ ಮುರಿದು ಅವಳ ಆಸ್ಪತ್ರೆಯಲ್ಲಿ ಮಲಗಿದ ನನ್ನ ಯಜಮಾನರ ಬೆನ್ನಿನ ಕೆಳಗೆ ಕೆಂಪಾಗಿತ್ತು. ನಮ್ಮೂರು ಮಿರ್ಜಾನದಿಂದ ತಂದ ತೆಂಗಿನೆಣ್ಣೆ ಹಚ್ಚಿ ತಿಕ್ಕುತ್ತಿದ್ದೆ.

“ಅಮ್ಮಾ, ಕೆಂಪಾದಲ್ಲಿ ತಿಕ್ಬೇಡ. ಒಳಗೇ ಗಾಯ ಆಗ್ತದೆ.”

“ನಿನ್ನ ಅಜ್ಜಿಗೆ ನಾಲ್ಕು ತಿಂಗಳು ತಿಕ್ಕಿದ್ದು ನಾನು. ನೀ ಎಂತ ಹೇಳ್ತೆ ನಂಗೆ?”

ಅತ್ತೆ ಹೋದದ್ದೇ ಬೆನ್ನು ಹುಣ್ಣಾಗಿ.

ಸುಮಿತ್ರೆಯ ಕೆಲಸ ನರ್ಸುಗಳಿಗೆ ಕಲಿಸುವುದು. ರೂಢಿಯಿಂದ ಮಾಡುವುದನ್ನೆಲ್ಲ ಯಾಕೆ ಎಂದು ಕೇಳಬೇಕಂತೆ. ಎಷ್ಟೋ ರೋಗಿಗಳನ್ನು ನೋಡಿ ಬರೆದಿಟ್ಟದ್ದನ್ನು ಓದಿ ಮಾಡಬೇಕಂತೆ. ಅದಕ್ಕೆ ಇಲ್ಲಿ ‘ಎವಿಡೆನ್ಸ್’ ಎನ್ನುತ್ತಾರೆ, ಪುರಾವೆ. ಹಿರಿಯ ನರ್ಸ್ ಲಲಿತಾ ನನ್ನಷ್ಟೇ ಕಂಗಾಲು.

“ಇಪ್ಪತ್ತು ವರ್ಷ ಸ್ಪಿರಿಟ್, ಪೌಡರ್ ಹಾಕಿ ತಿಕ್ಕಿದ್ದೇನೆ ಮೇಡಂ. ಅವ್ರೆಲ್ಲ ಎಂತ ಆದ್ರು?”

“ಅದನ್ನೇ ಕೇಳ್ಬೇಕಿತ್ತು ಲಲಿತಕ್ಕ. ಯಾರೂ ಕೇಳ್ಲಿಲ್ಲ.”

ಮಿರ್ಜಾನದಲ್ಲಿ ಹೊಳೆಮೀನು ಬಾಗಿಲಿಗೆ ಬರುತ್ತಿತ್ತು. ಇಲ್ಲಿ ಮಗಳ ಬಾಡಿಗೆ ಮನೆಯಿಂದ ಮೂರು ಮಹಡಿ ಇಳಿಯಬೇಕು. ಕೆಳಗಿನ ಮನೆಯವರು ಇಲ್ಲಿಯ ಮುಸ್ಲಿಮರು, ಅವರ ನವಾಯತಿ ಮಾತು ಕೊಂಕಣಿಯಂತೆ ಕೇಳುತ್ತದೆ, ಹಿಡಿಯಹೋದರೆ ಸಿಗುವುದಿಲ್ಲ. ಮಗಳ ಮಾತೂ ಹಾಗೇ. ತಿಕ್ಕುವುದು ಸೇವೆ, ಸುಮ್ಮನಿರುವುದು ಸೋಮಾರಿತನ ಎಂದೇ ನಾನು ಮುದುಕಿಯಾದದ್ದು.

ಒಂದೇ ಕಡೆ ಭಾರ ಬಿದ್ದರೆ ಹುಣ್ಣಾಗುತ್ತದೆ, ಆಗಾಗ ಹೊರಳಿಸಬೇಕು ಎಂದಳು ಸುಮಿತ್ರೆ. ಎಣ್ಣೆ ಬದಿಗಿಟ್ಟೆ. ಎರಡು ತಾಸಿಗೊಮ್ಮೆ ಲಲಿತಾ, ನಾನು ಸೇರಿ ಯಜಮಾನರ ಮಗ್ಗುಲು ಬದಲಿಸಿದೆವು.

“ನಾನೆಂತ ದೋಸೆಯಾ, ಮಗುಚಿ ಹಾಕುದಕ್ಕೆ?” ಎಂದು ಅವರು ಬೈದರು.

“ಸೀದು ಹೋಗಬಾರ್ದಲ್ಲ, ಸುಮ್ನಿರಿ” ಎಂದೆ.

ಪ್ರತಿ ಸಲವೂ ಹಾಳೆಯಲ್ಲಿ ಬರೆಯಬೇಕು. ನನಗೆ ಅಕ್ಷರ ನಿಧಾನ. ಮುಖ ಕಿಟಕಿಗಿದ್ದರೆ ಚೌಕ, ಬಾಗಿಲಿಗಿದ್ದರೆ ಗೀಟು ಹಾಕಿದೆ. ಈಗ ನರ್ಸುಗಳೂ ಚೌಕ, ಗೀಟನ್ನೇ ಹಾಕುತ್ತಾರೆ. ಹತ್ತು ದಿನಕ್ಕೆ ಕೆಂಪು ಇಳಿಯಿತು.

ಆಗಲೇ ಮಿರ್ಜಾನದಿಂದ ನೆರೆಮನೆಯ ನಾಗಿಯ ಫೋನು. ಅವಳ ತಾಯಿ ಹಾಸಿಗೆ ಹಿಡಿದಿದ್ದಾಳೆ.

“ನಿನ್ನ ಕೈ ಬೇಕಿತ್ತೇ. ಅತ್ತೆಗೆ ಎಷ್ಟು ತಿಕ್ಕಿದ್ದೆ ನೀನು!”

“ತಿಕ್ಬೇಡ. ಮಗ್ಗುಲು ಬದಲ್ಸು.”

“ಭಟ್ಕಳಕ್ಕೆ ಹೋಗಿ ಮೈಗಳ್ಳಿ ಆದ್ಯಾ?”

ಇಲ್ಲಿ ನನ್ನನ್ನು ಮಿರ್ಜಾನದಮ್ಮ ಎನ್ನುತ್ತಾರೆ, ಅಲ್ಲಿ ಭಟ್ಕಳದವಳಾದೆ.

ಕೊನೆಗೆ ಮಗಳನ್ನು ಕೇಳಿಯೇಬಿಟ್ಟೆ. “ನಿನ್ನ ಅಜ್ಜಿಯ ಹುಣ್ಣು ನನ್ನ ಕೈಯಿಂದ ಆದದ್ದಾ?”

ಅವಳು ಹಾಳೆಯ ಚೌಕ, ಗೀಟುಗಳ ಮೇಲೆ ಬೆರಳಾಡಿಸಿದಳು. “ಗೊತ್ತಿಲ್ಲ ಅಮ್ಮಾ. ಆಗ ಯಾರೂ ಬರೆದಿಡ್ಲಿಲ್ಲ.”

ಕಿಟಕಿ ಬಡಗಣದ್ದು, ಮಿರ್ಜಾನ ಆ ದಿಕ್ಕಿಗೆ. ಯಜಮಾನರು ಎರಡು ತಾಸು ಅತ್ತ ನೋಡುತ್ತಾರೆ, ಎರಡು ತಾಸು ಇತ್ತ. ಎರಡನ್ನೂ ನಾನು ಬರೆದಿಡುತ್ತೇನೆ.