ಶೀತಕ್ಕೆಂದು ತೊಟ್ಟ ಕೋಟು

ಮುಂಬಯಿಗೆ ಚಳಿ ಬರುವುದು ವರ್ಷಕ್ಕೆ ಹತ್ತೋ ಹನ್ನೆರಡೋ ದಿನ. ಬೆಂಗಳೂರಿನಿಂದ ಬಂದ ನಮಗೆ ಅದು ಚಳಿ ಎನ್ನಲು ನಾಚಿಕೆ. ಆದರೂ ಆ ಹತ್ತು ದಿನ ಬಂದವೆಂದರೆ ಸಯನ್ನಿನ ನಮ್ಮ ಬಿಲ್ಡಿಂಗಿನಲ್ಲಿ ಮನೆಮನೆಯ ಟ್ರಂಕೂ ತೆರೆದುಕೊಂಡು, ಮೆಟ್ಟಿಲ ತುಂಬ ನುಸಿಗುಳಿಗೆಯ ವಾಸನೆ ಹರಡುತ್ತಿತ್ತು. ಸ್ವೆಟರು ಇದ್ದವರು ಅದನ್ನು ನಾಲ್ಕು ಜನಕ್ಕೆ ತೋರಿಸದೆ ಬಿಡುತ್ತಿರಲಿಲ್ಲ. ನಾನು ಹೇಳುತ್ತಿರುವ ಜನವರಿಯಲ್ಲಿ ಇಡೀ ಬಿಲ್ಡಿಂಗಿನಲ್ಲಿ ನನ್ನಷ್ಟು ಠೀವಿಯಾಗಿ ಬಟ್ಟೆ ಹಾಕಿದವರು ಯಾರೂ ಇರಲಿಲ್ಲ. ನನ್ನಷ್ಟು ಹೆದರಿದವರೂ ಇರಲಿಲ್ಲ.

ಆಗ ನನಗೆ ಇಪ್ಪತ್ತೆರಡು. ಅಕ್ಕ, ಭಾವ, ಅವರ ಎರಡು ವರ್ಷದ ಮಗಳು, ನಾನು ಒಂದೂವರೆ ಕೋಣೆಯಲ್ಲಿದ್ದೆವು. ವಿಕ್ರೋಳಿಯ ಒಂದು ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತನ ಕೆಲಸ ಸಿಕ್ಕಿತ್ತು. ಅವರ ಡಾಕ್ಟರು ಮೈ ಪರೀಕ್ಷೆ ಮಾಡಿ ಸರಿ ಅನ್ನಬೇಕು, ಅಷ್ಟೇ ಬಾಕಿ. ನನಗೋ ದಸರೆಯಿಂದ ಕೆಮ್ಮು, ಮಧ್ಯಾಹ್ನವಾದರೆ ಸಣ್ಣ ಜ್ವರ. ಒಂದು ಬೆಳಿಗ್ಗೆ ಮುಖ ತೊಳೆಯುವಾಗ ಉಗುಳಿನಲ್ಲಿ ಕೆಂಪು ಕಂಡಿತು. ಎರಡು ಚೊಂಬು ನೀರು ಸುರಿದು ಮೋರಿ ತೊಳೆದೆ.

ನಮ್ಮ ಮನೆಗಳಲ್ಲಿ ಆ ಕಾಯಿಲೆಯ ಹೆಸರನ್ನು ಬಾಯಿಂದ ಆಡುತ್ತಿರಲಿಲ್ಲ. ಆಡಿದರೆ ಒಳಗೆ ಬರುತ್ತದೆ ಎಂಬ ಹೆದರಿಕೆ. ಭಾವನ ಅಣ್ಣ ಅದರಿಂದಲೇ ಸತ್ತವರು; ಅವರ ವಿಷಯ ಬಂದಾಗಲೂ ‘ಅವನಿಗೆ ಶೀತ ಜಾಸ್ತಿಯಾಗಿ ಹೋಯಿತು’ ಎಂದೇ ಭಾವ ಹೇಳುತ್ತಿದ್ದರು. ಹಾಗಾಗಿ ನನ್ನದೂ ಶೀತವಾಯಿತು. ಶೀತ ಅಂದಮೇಲೆ ಔಷಧ ಉಣ್ಣೆಯೇ ತಾನೆ? ಅಕ್ಕ ಸೂಜಿ ಹಿಡಿದು ಕೂತಳು.

ಅವಳಿಗೆ ಬಟ್ಟೆಯ ವಿಷಯದಲ್ಲಿ ಮೊದಲಿನಿಂದಲೂ ಒಳ್ಳೆಯ ಅಭಿರುಚಿ. ಭಾವನ ಮದುವೆಯ ಬೂದು ಬಣ್ಣದ ಉಣ್ಣೆ ಕೋಟನ್ನು ಬಿಚ್ಚಿ ನನ್ನ ಅಳತೆಗೆ ಹಿಡಿದಳು. ಜಾರಿದ ಭುಜಗಳು ನಿಲ್ಲಲೆಂದು ಒಳಗೆ ಹತ್ತಿಯ ಪಟ್ಟಿ ಇಟ್ಟು ಹೊಲಿದಳು. ಎರಡು ಬನಿಯನ್ನು, ಅದರ ಮೇಲೆ ತೋಳಿಲ್ಲದ ಸ್ವೆಟರು, ಅದರ ಮೇಲೆ ಅಂಗಿ, ಮತ್ತೆ ತೋಳಿನ ಸ್ವೆಟರು, ಮೇಲೆ ಕೋಟು. ಸ್ವೆಟರಿನ ಅಂಚು ಕೋಟಿನ ಕತ್ತಿನಲ್ಲಿ ಎರಡು ಬೆರಳಗಲ ಕಾಣಬೇಕು, ಹೆಚ್ಚು ಕಾಣಬಾರದು. ಮರೂನ್ ಮಫ್ಲರನ್ನು ಒಂದೇ ಗಂಟು ಹಾಕಿ ಕೋಟಿನೊಳಗೆ ಇಳಿಬಿಟ್ಟಳು.

“ಮುದುಕರ ಥರ ಸುತ್ಕೋಬೇಡ್ವೋ. ಈಗ ನೋಡು, ಎಷ್ಟು ತುಂಬ್ಕೊಂಡ ಹಾಗೆ ಕಾಣ್ತೀಯ,” ಎಂದಳು.

ಕನ್ನಡಿಯಲ್ಲಿ ನಿಜಕ್ಕೂ ತುಂಬಿಕೊಂಡಿದ್ದೆ. ನನಗೆ ಬೇಕಾದದ್ದೂ ಅದೇ. ಪಾಪ, ಇವಳಿಗೆ ಏನೂ ಗೊತ್ತಿಲ್ಲ, ಚಳಿಗೆಂದು ಹೊಲಿದು ಕೊಡುತ್ತಿದ್ದಾಳೆ ಅಂದುಕೊಂಡೆ. ಅವಳಿಗೆ ಮೋಸ ಮಾಡುತ್ತಿದ್ದೇನೆ ಅಂತಲೂ ಅನ್ನಿಸಿತು. ಆದರೆ ಹೇಳುವ ಧೈರ್ಯ ಬರಲಿಲ್ಲ. ಹೇಳಿದರೆ ಕೆಲಸ ಹೋಯಿತು, ಭಾವನ ಮನೆಯೂ ಹೋಯಿತು.

ಡಾಕ್ಟರ ಪರೀಕ್ಷೆಗೆ ಹೊರಟ ದಿನ ಕೆಳಗಿನ ಹೋಟೆಲಿನ ಉಡುಪಿಯವರು ನನ್ನನ್ನು ನೋಡಿ ಗಲ್ಲಾದಿಂದಲೇ ಕೂಗಿದರು: “ಎಂತ ಮಾರಾಯ್ರೆ, ಕಾಶ್ಮೀರಕ್ಕೆ ಹೊರಟದ್ದಾ?” ನಕ್ಕರೆ ಕೆಮ್ಮು ಬರುತ್ತದೆಂದು ಬರೀ ಕೈ ಎತ್ತಿದೆ.

ವಿಕ್ರೋಳಿಯ ಲೋಕಲ್ ರೈಲಿನಲ್ಲಿ ಕಿಟಕಿಯ ಪಕ್ಕದ ಜಾಗ ಸಿಕ್ಕಿತು. ಎದುರಿಗಿದ್ದವರು ಕೋಟನ್ನು ಮೇಲಿಂದ ಕೆಳಗೆ ನೋಡುತ್ತಿದ್ದರು. ಕುರ್ಲಾ ದಾಟುವಷ್ಟರಲ್ಲಿ ಬೆನ್ನೆಲ್ಲ ಬೆವರಿ ಬನಿಯನ್ನು ಅಂಟಿಕೊಂಡಿತು. ಘಾಟ್ಕೋಪರಿನಲ್ಲಿ ಕೆಮ್ಮು ಬಂದೇ ಬಂತು. ಮಫ್ಲರನ್ನು ಬಾಯಿಗೆ ಒತ್ತಿ ಕೆಮ್ಮಿ, ಮೆಲ್ಲಗೆ ತೆಗೆದು ನೋಡಿದೆ. ಮರೂನ್ ಬಣ್ಣದಲ್ಲಿ ಏನೂ ಗೊತ್ತಾಗುವ ಹಾಗಿರಲಿಲ್ಲ. ಅದು ಒಳ್ಳೆಯದೋ ಕೆಟ್ಟದ್ದೋ ತಿಳಿಯದೆ ಮಡಚಿ ಜೇಬಿಗೆ ಸೇರಿಸಿದೆ.

ಡಾಕ್ಟರು ವಯಸ್ಸಾದ ಮರಾಠಿಯವರು. ತಲೆ ಎತ್ತದೆ “ಕೋಟ್ ಉತಾರೋ” ಅಂದರು. ತೆಗೆದೆ. ಸ್ವೆಟರು ಕಂಡು ಅದನ್ನೂ ತೆಗೆಯೆಂದರು. ಅಂಗಿ ತೆಗೆದರೆ ಇನ್ನೊಂದು ಸ್ವೆಟರು. ಬನಿಯನ್ನು ತೆಗೆದರೆ ಇನ್ನೊಂದು ಬನಿಯನ್ನು. ಕುರ್ಚಿಯ ಮೇಲೆ ಬಟ್ಟೆ ಗುಡ್ಡೆಯಾಗುತ್ತ ಹೋಯಿತು, ನಾನು ಸಣ್ಣಗಾಗುತ್ತ ಹೋದೆ. ಕಡೆಗೆ ಉಳಿದದ್ದು ಎಲುಬಿನ ಗೂಡು. ಆಗ ಅವರು ತಲೆ ಎತ್ತಿ ನೋಡಿದರು. ಬೆನ್ನಿನ ಮೇಲೆ ತಣ್ಣನೆಯ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಕೆಲಸದ ಕಾಗದವನ್ನು ಪಕ್ಕಕ್ಕಿಟ್ಟು, ಸಯನ್ನಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಸೆಂದು ಚೀಟಿ ಬರೆದರು. ರೋಗದ ಹೆಸರನ್ನು ಎರಡೇ ಅಕ್ಷರದಲ್ಲಿ ಬಾಯಿಬಿಟ್ಟು ಹೇಳಿದರು: ಟಿ.ಬಿ. ಗುಣವಾಗಲು ಈಗ ಇಂಜೆಕ್ಷನ್ ಇದೆ ಎಂದೂ ಹೇಳಿದರು. ಅದು ನಿಜವಾಯಿತು; ಇಲ್ಲದಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ. ಆ ಹೊತ್ತಿನಲ್ಲಿ ಮಾತ್ರ ನನಗೆ ಅದು ಕೇಳಿಸಲಿಲ್ಲ.

ಮನೆಗೆ ಬಂದಾಗ ಭಾವ ಆಫೀಸಿನಲ್ಲಿದ್ದರು. ಅಕ್ಕ ಬಾಗಿಲು ತೆಗೆದಳು. ಒಳಗೆ ಕಾಲಿಡದೆ ಚೀಟಿ ಕೊಟ್ಟೆ. ಓದಿ ಮಡಚಿದಳು.

“ಗೊತ್ತಿತ್ತು ಕಣೋ,” ಎಂದಳು. “ದೀಪಾವಳಿಯಿಂದ್ಲೂ ಗೊತ್ತು. ನಿನ್ನ ದಿಂಬಿನ ಚೀಲ ಒಗೆಯೋಳು ನಾನಲ್ವಾ?”

ಭಯವೆಲ್ಲ ಒಮ್ಮೆಗೇ ಸಿಟ್ಟಾಯಿತು. “ನಿನಗೆ ಬುದ್ಧಿ ಇದೆಯಾ ಅಕ್ಕ? ಮನೇಲಿ ಮಗು ಇಟ್ಕೊಂಡು ಸುಮ್ನಿದ್ಯಾ? ಮಗೂನ ನನ್ನ ಪಕ್ಕದಲ್ಲೇ ಮಲಗಿಸ್ತಿದ್ಯಲ್ಲ!”

“ಮಗೂನ ಬೇರೆ ಮಲಗಿಸಿದ್ರೆ ನಿನಗೆ ಗೊತ್ತಾಗ್ತಿತ್ತಲ್ಲೋ,” ಎಂದಳು. “ನಿನಗಿನ್ನೂ ಗೊತ್ತಿಲ್ಲ, ಗೊತ್ತಾದ್ರೆ ಹೆದರ್ಕೋತೀಯ ಅಂತ…”

ಒಳಗೆ ಮಗು ನಿದ್ದೆಯಿಂದ ಎದ್ದಿತು. “ಮಾಮಾ, ಎತ್ಕೋ,” ಎಂದು ಕೂಗಿತು. ಇನ್ನೊಂದು ಸಲ ಕೂಗಿತು. ಹೊಸ್ತಿಲಿನ ಆಚೆ ಅಕ್ಕ, ಈಚೆ ನಾನು, ಇಬ್ಬರೂ ಅಲ್ಲಾಡಲಿಲ್ಲ. ಸ್ವಲ್ಪ ಹೊತ್ತಿಗೆ ಮಗು ಕೆಮ್ಮಿತು.